ಕೂಡಿ ಕಟ್ಟಿದ ಹಾಡು

ಕಳೆದ ಶ್ರಾವಣದ ಒಂದು ಸಂಜೆ ನಾನು ಪಡಸಾಲೆಯಲ್ಲಿ ಓದುತ್ತ ಕುಳಿತಿದ್ದೆ. ಮಗಳ ಮಗನು ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದು, ಗಿಟಾರನ್ನು ಗೋಡೆಗೆ ಆನಿಸಿ, ನನ್ನೆದುರು ಕುಳಿತನು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಈತನು ಮೂವರು ಸಹಪಾಠಿಗಳೊಡನೆ ಕೂಡಿ ಒಂದು ಬ್ಯಾಂಡು ಕಟ್ಟಿಕೊಂಡು ಅಷ್ಟೊತ್ತಿಗೆ ಒಂದು ವರ್ಷವಾಗಿತ್ತು. ಬ್ಯಾಂಡೆಂದರೆ ಮದುವೆಯ ಮೆರವಣಿಗೆಯ ಮುಂದೆ ಬಣ್ಣದ ಅಂಗಿ ತೊಟ್ಟು ಊದುವವರ ಮೇಳವೆಂದೇ ತಿಳಿದು ಬೆಳೆದವನು ನಾನು. ನಾಲ್ವರು ಎಳೆಯರು ಒಂದು ಕೋಣೆಯಲ್ಲಿ ಕುಳಿತು ಹಾಡು ಕಟ್ಟುವುದಕ್ಕೂ ಅದೇ ಹೆಸರೆಂಬುದು ನನಗೆ ಮೊದಮೊದಲು ಸೋಜಿಗದ ಸಂಗತಿಯಾಗಿತ್ತು. ನನ್ನ ಮೊಮ್ಮಗನದು ಗಿಟಾರು, ಒಬ್ಬನದು ಕೀಬೋರ್ಡು, ಮತ್ತೊಬ್ಬನದು ತಬಲಾ. ಹಾಡುವವಳು ಅವರ ವರ್ಗದ ಒಬ್ಬ ಹುಡುಗಿ. ಮೊದಲು ಸಿನಿಮಾ ಹಾಡುಗಳನ್ನೂ ಶಿಶುನಾಳ ಶರೀಫರ ತತ್ತ್ವಪದಗಳನ್ನೂ ತಮ್ಮದೇ ರೀತಿಯಲ್ಲಿ ಹಾಡುತ್ತಿದ್ದವರು, ಆ ವರ್ಷ ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ತಾವೇ ಕಟ್ಟಿದ ಒಂದು ಹಾಡನ್ನು ಹಾಡಿ ಮೆಚ್ಚುಗೆ ಪಡೆದಿದ್ದರು. ಜಗಳ ಹುಟ್ಟಿದ್ದು ಆ ಮೆಚ್ಚುಗೆಯಿಂದಲೇ.

"ಅಜ್ಜಾ, ನೀವ ನ್ಯಾಯ ಹೇಳ್ರಿ. ಹಾಡು ಬರದಾಂವ ನಾನು. ಆಕಿ ಅದಕ್ಕ ರಾಗ ಹಚ್ಚ್ಯಾಳ. ಈಗ ಎಲ್ಲಾರೂ ಕೇಳೂ ಹಂಗ ಅದನ್ನ ಮೊಬೈಲಿನ್ಯಾಗ ಬಿಡಬೇಕಾಗೈತಿ. ಹಾಡು ಯಾರದು ಅಂತ ಹೆಸರು ಕೇಳ್ತೈತಿ. ಯಾರ ಹೆಸರು ಹಾಕೂಣು?"

"ಆಕೆ ಏನನ್ನುತ್ತಾಳೆ?" ಎಂದೆ.

"ರಾಗ ಇಲ್ಲದಿದ್ರ ಅದು ಹಾಡ ಅಲ್ಲ, ಬರೇ ಕಾಗದ ಅಂತಾಳ. ಎರಡು ವಾರ ಆತು, ತಾಲೀಮಿಗೆ ಯಾರೂ ಬಂದಿಲ್ಲ."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಪ್ರಶ್ನೆ ಕಠಿಣವಾಗಿತ್ತೆಂದಲ್ಲ, ಅದು ನನಗೆ ಹೊಸದಾಗಿರಲಿಲ್ಲವೆಂದು. ಆ ಕಥೆಯನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಶ್ರೀಮಠದ ಪಾಠಶಾಲೆಯಲ್ಲಿ ನಮಗೆ ಕಲಿಸಿದ ಒಂದು ಪದ್ಧತಿಯುಂಟು: ಸಂದೇಹ ಬಂದಾಗ ಮೊದಲು ಆ ಮಾರ್ಗದ ಹಿರಿಯರು ಹೇಗೆ ನಡೆದರೆಂಬುದನ್ನು ನೋಡಬೇಕು, ಆಮೇಲೆ ತನ್ನ ಮಾತನ್ನು ಆಡಬೇಕು. ಆದಕಾರಣ, "ನಿಮ್ಮ ಈ ಮಾರ್ಗದಲ್ಲಿ ಹಿರಿಯರೆಂದರೆ ಯಾರು?" ಎಂದು ಕೇಳಿದೆ. ಆತನು ಅರೆಗಳಿಗೆಯೂ ಯೋಚಿಸದೆ "ಬೀಟಲ್ಸ್" ಎಂದನು. ಮರುದಿನ ಅವರನ್ನು ಕುರಿತ ಎರಡು ದಪ್ಪ ಪುಸ್ತಕಗಳು ನನ್ನ ಮೇಜಿನ ಮೇಲೆ ಬಂದು ಕುಳಿತವು. ಓದು ನನಗೆ ಹಳೆಯ ಚಟ. ಒಂದು ತಿಂಗಳು ಅವುಗಳಲ್ಲಿಯೇ ಮುಳುಗಿದೆ.

ಆ ನಾಲ್ವರು ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಪಟ್ಟಣದವರು. ನಮ್ಮ ಹುಬ್ಬಳ್ಳಿಯಂತೆ ಅದೂ ಒಂದು ಕಾಲಕ್ಕೆ ಹತ್ತಿಯ ದೊಡ್ಡ ಪೇಟೆ. ಅವರಲ್ಲೊಬ್ಬನಾದ ಪಾಲ್ ಮೆಕಾರ್ಟ್ನಿಯ ತಂದೆ ಆ ಪೇಟೆಯಲ್ಲಿ ಹತ್ತಿ ಮಾರುವ ನೌಕರಿಯಲ್ಲಿದ್ದವರು; ಹರೆಯದಲ್ಲಿ ತಾವೂ ಒಂದು ವಾದ್ಯಮೇಳ ನಡೆಸಿದ್ದವರು. 1956ರ ಸುಮಾರಿಗೆ ಇಂಗ್ಲೆಂಡಿನ ಹುಡುಗರಿಗೆಲ್ಲ ಸ್ಕಿಫಲ್ ಎಂಬ ಹಾಡಿಕೆಯ ಹುಚ್ಚು ಹಿಡಿದಿತ್ತು. ಅದಕ್ಕೆ ಹಣ ಬೇಕಿರಲಿಲ್ಲ. ಒಂದು ಅಗ್ಗದ ಗಿಟಾರು, ತಾಳಕ್ಕೆ ಬಟ್ಟೆ ಒಗೆಯುವ ತಗಡಿನ ಹಲಗೆ, ಮಂದ್ರದ ನಾದಕ್ಕೆ ಚಹಾಪುಡಿಯ ಖಾಲಿ ಪೆಟ್ಟಿಗೆಗೆ ಕಸಬರಿಗೆಯ ಕೋಲು ನಿಲ್ಲಿಸಿ ಬಿಗಿದ ಹುರಿ, ಇಷ್ಟಿದ್ದರೆ ಮೇಳ ಸಿದ್ಧ. ಜಾನ್ ಲೆನನ್ ಎಂಬ ಹುಡುಗನು ತನ್ನ ಶಾಲೆಯ ಗೆಳೆಯರನ್ನು ಕೂಡಿಸಿ ಇಂಥದೊಂದು ಮೇಳ ಕಟ್ಟಿದನು. ಇದನ್ನು ಓದಿದಾಗ, ತಗಡಿನ ಡಬ್ಬಿ ಬಾರಿಸಿಕೊಂಡು ಭಜನೆ ಮಾಡುತ್ತಿದ್ದ ನಮ್ಮ ಊರಿನ ಹುಡುಗರು ಕಣ್ಮುಂದೆ ಬಂದರು.

1957ರ ಜುಲೈ 6ರಂದು ವುಲ್ಟನ್ ಎಂಬಲ್ಲಿಯ ಸೇಂಟ್ ಪೀಟರ್ಸ್ ಚರ್ಚಿನ ಜಾತ್ರೆ. ಅಲ್ಲಿ ಜಾನನ ಮೇಳದ ಹಾಡಿಕೆಯಿತ್ತು. ಹಾಡಿನ ಪದಗಳು ಪೂರ್ತಿ ಬಾರದಿದ್ದಾಗ ಆತನು ಅಲ್ಲಿಯೇ ಹೊಸ ಪದಗಳನ್ನು ಹೊಸೆದು ಹಾಡಿಬಿಟ್ಟನಂತೆ. ಅಂದು ಸಂಜೆ ಚರ್ಚಿನ ಸಭಾಗೃಹದಲ್ಲಿ ಒಬ್ಬ ಗೆಳೆಯನು ಪಾಲನನ್ನು ಕರೆತಂದು ಪರಿಚಯಿಸಿದನು. ಜಾನನಿಗೆ 16, ಪಾಲನಿಗೆ 15 ವರ್ಷ. ಪಾಲನು ಗಿಟಾರು ಹಿಡಿದು ಒಂದು ಉದ್ದನೆಯ ಹಾಡನ್ನು ಒಂದು ಪದವೂ ತಪ್ಪದಂತೆ ಹಾಡಿ ತೋರಿಸಿದನು. ಆಗ ಜಾನನ ಮನಸ್ಸಿನಲ್ಲಿ ಎದ್ದ ತಾಕಲಾಟವನ್ನು ಮುಂದೆ ಆತನೇ ಹೇಳಿಕೊಂಡಿದ್ದಾನೆ: ಈತನು ನನ್ನಷ್ಟೇ ಬಲ್ಲವನು, ಸೇರಿಸಿಕೊಂಡರೆ ಮೇಳ ಬಲಗೊಳ್ಳುತ್ತದೆ, ಆದರೆ ನನ್ನ ಯಜಮಾನಿಕೆ ಕಡಿಮೆಯಾಗುತ್ತದೆ. ಕೊನೆಗೆ ಮೇಳ ಬಲಗೊಳ್ಳಲೆಂದೇ ನಿಶ್ಚಯಿಸಿದನು. ಹದಿನಾರರ ಹುಡುಗನ ಈ ನಿಶ್ಚಯವೇ ಮುಂದಿನದಕ್ಕೆಲ್ಲ ಬೀಜವೆಂದು ನನ್ನ ಭಾವನೆ. ಮರುವರ್ಷ ಪಾಲನ ಮೂಲಕ ಜಾರ್ಜ್ ಹ್ಯಾರಿಸನ್ ಬಂದನು. 1962ರ ಆಗಸ್ಟಿನಲ್ಲಿ ಡ್ರಮ್ ಬಾರಿಸುವ ರಿಂಗೋ ಸ್ಟಾರ್ ಬಂದಾಗ ನಾಲ್ವರ ಬಳಗ ಪೂರ್ಣವಾಯಿತು.

ಹಾಡು ಕಟ್ಟಿದ ಬಗೆಯಂತೂ ಕೇಳುವಂಥದು. ಇಬ್ಬರೂ ಶಾಲೆ ತಪ್ಪಿಸಿ ಪಾಲನ ಚಿಕ್ಕ ಮನೆಯಲ್ಲಿ ಸೇರುತ್ತಿದ್ದರು. ತಂದೆ ಕೆಲಸಕ್ಕೆ ಹೋಗಿರುತ್ತಿದ್ದರು. ತಾಯಿ 1956ರಲ್ಲಿಯೇ ತೀರಿಕೊಂಡಿದ್ದರು. 1958ರಲ್ಲಿ ಜಾನನ ತಾಯಿಯೂ ರಸ್ತೆ ಅಪಘಾತದಲ್ಲಿ ಮಡಿದರು. ತಾಯಿಯಿಲ್ಲದ ಇಬ್ಬರು ಹುಡುಗರು ಗಿಟಾರು ಹಿಡಿದು ಎದುರುಬದುರು ಕುಳಿತುಕೊಳ್ಳುತ್ತಿದ್ದರು. ಪಾಲ್ ಎಡಚ, ಜಾನ್ ಬಲಗೈಯವನು. ಆದುದರಿಂದ ಒಬ್ಬನಿಗೆ ಇನ್ನೊಬ್ಬನ ಕೈ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಸ್ವರಲಿಪಿ ಇಬ್ಬರಿಗೂ ಬಾರದು. ಧ್ವನಿಮುದ್ರಣ ಯಂತ್ರ ಇಲ್ಲ. ಪದಗಳನ್ನು ಮಾತ್ರ ಶಾಲೆಯ ನೋಟುಪುಸ್ತಕದಲ್ಲಿ ಬರೆದು, ಪ್ರತಿ ಪುಟದ ನೆತ್ತಿಯ ಮೇಲೆ ಇದು ಇಬ್ಬರ ಸ್ವಂತ ರಚನೆಯೆಂದು ಎರಡೂ ಹೆಸರು ಕಾಣಿಸುತ್ತಿದ್ದರು. ಮಟ್ಟು ಮರುದಿನ ನೆನಪಿನಲ್ಲಿ ಉಳಿದರೆ ಹಾಡು ಉಳಿಯಿತು. ಕಟ್ಟಿದವರಿಗೇ ನೆನಪಾಗದ ಹಾಡು ಕೇಳುವವರಿಗೆ ಹೇಗೆ ನೆನಪಾದೀತೆಂದು ಬಿಟ್ಟುಬಿಡುತ್ತಿದ್ದರು. ನಮ್ಮ ಜಾನಪದ ಹಾಡುಗಳನ್ನು ಶತಮಾನಗಳಿಂದ ಜರಡಿ ಹಿಡಿದುದೂ ಇದೇ ಪರೀಕ್ಷೆಯಲ್ಲವೇ?

ಒಬ್ಬನು ಹಾಡಿದರೂ, ಇಬ್ಬರು ಹಾಡಿದರೂ, ಯಾರ ಪಾಲು ಎಷ್ಟಿದ್ದರೂ ಎರಡೂ ಹೆಸರು ಹಾಕಬೇಕೆಂಬುದು ಆ ಎಳೆಯ ವಯಸ್ಸಿನಲ್ಲಿ ಅವರು ಮಾಡಿಕೊಂಡ ಒಡಂಬಡಿಕೆ. ಮೊದಲು ನಾನಿದನ್ನು ಸ್ನೇಹದ ಔದಾರ್ಯವೆಂದಷ್ಟೇ ತಿಳಿದೆ. ಓದುತ್ತ ಹೋದಂತೆ, ಅದು ಅವರ ಕೆಲಸದ ಕೀಲಿಯೇ ಆಗಿತ್ತೆಂದು ಮನವರಿಕೆಯಾಯಿತು. ಹೆಸರು ಹೇಗೂ ಇಬ್ಬರದೇ ಎಂದಾದ ಮೇಲೆ, ಅರ್ಧ ಬೆಂದ ಹಾಡನ್ನು ಗೆಳೆಯನ ಮುಂದಿಡಲು ಸಂಕೋಚವಿಲ್ಲ. ಆತನು ಒಂದು ಸಾಲನ್ನು ಹೊಡೆದುಹಾಕಿದರೆ ತನ್ನ ಆಸ್ತಿ ಹೋಯಿತೆಂಬ ಉರಿಯಿಲ್ಲ. ನನ್ನ ಸಾಲು ಉಳಿಯಬೇಕೆಂಬ ಹಟ ಹೋಗಿ, ಹಾಡು ಉಳಿಯಬೇಕೆಂಬ ಹಟ ಬರುತ್ತದೆ.

ಈ ರೀತಿ ಒಂದೇ ದಿನಕ್ಕೆ ಕೈಗೂಡಿದ್ದಲ್ಲ. 1960ರಿಂದ ಜರ್ಮನಿಯ ಹ್ಯಾಂಬರ್ಗಿನ ರಾತ್ರಿ ಕ್ಲಬ್ಬುಗಳಲ್ಲಿ ತಿಂಗಳುಗಟ್ಟಲೆ, ಒಂದೊಂದು ರಾತ್ರಿಗೆ ನಾಲ್ಕಾರು ಗಂಟೆ, ಪರರ ಹಾಡುಗಳನ್ನೇ ಹಾಡಿ ಗಂಟಲು ಹರಿದುಕೊಂಡರು. 1962ರ ಜನವರಿ 1ರಂದು ಡೆಕಾ ಕಂಪನಿಯ ಪರೀಕ್ಷೆಗೆ ಹಾಡಿದ 15 ಹಾಡುಗಳಲ್ಲಿ ಸ್ವಂತದವು ಮೂರೇ. ಆ ಕಂಪನಿ ಅವರನ್ನು ಒಲ್ಲೆನೆಂದಿತು. ಬಳಿಕ ಜಾರ್ಜ್ ಮಾರ್ಟಿನ್ ಎಂಬ ಅನುಭವಿ ಸಂಗೀತಗಾರರು ಅವರನ್ನು ಕೈಹಿಡಿದರು. ಜಾನನು 'ಪ್ಲೀಸ್ ಪ್ಲೀಸ್ ಮಿ' ಎಂಬ ಹಾಡನ್ನು ವಿಳಂಬದಲ್ಲಿ ಕಟ್ಟಿ ತಂದಾಗ, ಇದರ ಕಾಲ ಹೆಚ್ಚಿಸಿರೆಂದು ಅವರು ಹೇಳಿದರು. ಹುಡುಗರು ಬೇಸರಿಸದೆ ತಿದ್ದಿಕೊಂಡರು. 1963ರ ಆರಂಭದಲ್ಲಿ ಆ ಹಾಡು ಮನೆಮಾತಾಯಿತು. ಅದೇ ವರ್ಷ ಫೆಬ್ರುವರಿ 11ರಂದು ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುದ್ರಿಸಿ ಮೊದಲ ಸಂಪುಟವನ್ನು ಪೂರೈಸಿದರು. ಅದರ 14 ಹಾಡುಗಳಲ್ಲಿ 8 ಇವರದೇ ರಚನೆ.

ಆ ವರ್ಷದ ಇನ್ನೊಂದು ಪ್ರಸಂಗ ಓದಿ ನಾನೊಬ್ಬನೇ ನಕ್ಕೆನು. ಆರಂಭದ ಹಾಡುಗಳಲ್ಲಿ 'ನಾನು', 'ನೀನು' ಎಂಬ ಮಾತುಗಳನ್ನೇ ಇಟ್ಟು ಕೇಳುವವರೊಡನೆ ನೇರವಾಗಿ ಮಾತಾಡಿದಂತೆ ಕಟ್ಟುತ್ತಿದ್ದವರು, 'ಷಿ ಲವ್ಸ್ ಯು' ಎಂಬ ಹಾಡಿನಲ್ಲಿ ದಾರಿ ಬದಲಿಸಿದರು. ಅಲ್ಲಿ ಹಾಡುವವನು ಪ್ರೇಮಿಯಲ್ಲ. ಮುನಿದ ಗೆಳೆಯನಿಗೆ ಹುಡುಗಿಯ ಮನಸ್ಸನ್ನು ತಿಳಿಸುವ ದೂತ. ಸಂಸ್ಕೃತದ ಸಂದೇಶಕಾವ್ಯಗಳನ್ನು ಓದಿದವರಿಗೆ ಇದು ಪರಿಚಿತ ಯುಕ್ತಿಯೇ. ಹಾಡು ಮುಗಿಸಿ ಪಾಲನ ತಂದೆಗೆ ಕೇಳಿಸಿದಾಗ ಅವರು, 'ಹೌದು' ಎಂಬುದಕ್ಕೆ ಅಮೆರಿಕದವರ ಅಡ್ಡಮಾತೇಕೆ, ಶುದ್ಧ ಇಂಗ್ಲಿಷಿನಲ್ಲಿಯೇ ಹೇಳಬಾರದೇ ಎಂದರಂತೆ. ಹುಡುಗರು ಒಪ್ಪಲಿಲ್ಲ, ಆ ಅಡ್ಡಮಾತೇ ಲೋಕವನ್ನೆಲ್ಲ ಸುತ್ತಿತು. ಮೊಮ್ಮಗನ ಹಾಡಿನಲ್ಲಿ ಮೂರು ಕಡೆ ಶಬ್ದಶುದ್ಧಿ ಮಾಡಲು ಕೆಂಪು ಮಸಿಯ ಪೆನ್ನು ಹಿಡಿದಿದ್ದ ನಾನು ಅದನ್ನು ಸುಮ್ಮನೆ ಜೇಬಿಗೆ ಸಿಕ್ಕಿಸಿಕೊಂಡೆ.

ರಾಗ ಮೊದಲೋ ಮಾತು ಮೊದಲೋ ಎಂಬ ಜಗಳಕ್ಕೂ ಅಲ್ಲಿ ಉತ್ತರ ದೊರೆಯಿತು. 1965ರ 'ಯೆಸ್ಟರ್ಡೇ' ಹಾಡಿನ ಮಟ್ಟು ಪಾಲನಿಗೆ ನಿದ್ದೆಯಲ್ಲಿ ಹೊಳೆಯಿತಂತೆ. ಮಾತು ದೊರೆಯುವ ತನಕ ಮಟ್ಟನ್ನು ಹಿಡಿದಿಡಲು ಆತನು ಅದರ ಮೇಲೆ ಮೊಟ್ಟೆಯ ತಿಂಡಿಯೊಂದರ ಹೆಸರನ್ನು ಕೂರಿಸಿ ಹಾಡಿಕೊಳ್ಳುತ್ತಿದ್ದನು! ನಮ್ಮ ಮನೆಗಳಲ್ಲಾಗಿದ್ದರೆ ಉಪ್ಪಿಟ್ಟು ಎಂದಿರಬಹುದಿತ್ತು. ಆ ಹಾಡನ್ನು ಕಟ್ಟಿದವನೂ ಹಾಡಿದವನೂ ಪಾಲನೊಬ್ಬನೇ. ಉಳಿದ ಮೂವರ ವಾದ್ಯವೂ ಅದರಲ್ಲಿಲ್ಲ. ಆದರೂ ಒಡಂಬಡಿಕೆಯಂತೆ ಹೆಸರು ಇಬ್ಬರದು. ಅದೇ ವರ್ಷದ 'ವಿ ಕ್ಯಾನ್ ವರ್ಕ್ ಇಟ್ ಔಟ್' ಎಂಬುದರಲ್ಲಿ ಭರವಸೆಯ ಭಾಗ ಮುಖ್ಯವಾಗಿ ಪಾಲನದು, ಆಯುಷ್ಯ ಕಿರಿದೆಂದು ಅವಸರಪಡುವ ನಡುವಿನ ಭಾಗ ಜಾನನದು. ಎರಡು ಸ್ವಭಾವಗಳು ಒಂದನ್ನೊಂದು ನುಂಗದೆ ಒಂದೇ ಹಾಡಿನಲ್ಲಿ ಬಾಳಿವೆ.

ಆದರೆ ಓದುಗ ಬಂಧುಗಳು ಇದನ್ನು ನಿಷ್ಕಳಂಕ ಕಥೆಯೆಂದು ಭಾವಿಸಬಾರದು. ಮೊದಲ ಸಂಪುಟದಲ್ಲಿ ಪಾಲನ ಹೆಸರು ಮುಂದಿತ್ತು; 1963ರಲ್ಲಿಯೇ ಅದು ಹಿಂದಾಗಿ ಜಾನನ ಹೆಸರು ಮುಂದಾಯಿತು. ಆ ಕಸಿವಿಸಿ ನಾಲ್ಕು ದಶಕಗಳ ಮೇಲೂ ಆರಲಿಲ್ಲ. 2002ರಲ್ಲಿ ಪಾಲನು ತನ್ನ ಸಂಪುಟವೊಂದರಲ್ಲಿ ಹಳೆಯ ಹಾಡುಗಳಿಗೆ ತನ್ನ ಹೆಸರನ್ನು ಮುಂದಿಟ್ಟಾಗ, ಜಾನನ ಪತ್ನಿಯ ಕಡೆಯಿಂದ ಆಕ್ಷೇಪಣೆ ಬಂದಿತು. ಇಬ್ಬರ ಒಡಂಬಡಿಕೆಯಲ್ಲಿ ಮೂರನೆಯವನು ಹೊರಗುಳಿದದ್ದೂ ನಿಜ. ಪಂಡಿತ ರವಿಶಂಕರರಲ್ಲಿ ಸಿತಾರ ಕಲಿತ ಆ ಜಾರ್ಜನಿಗೆ ಬಹುಕಾಲ ಒಂದು ಸಂಪುಟದಲ್ಲಿ ಒಂದೆರಡು ಹಾಡುಗಳ ಜಾಗ ಮಾತ್ರ ಸಿಗುತ್ತಿತ್ತು. 1970ರಲ್ಲಿ ಬಳಗ ಒಡೆಯಿತು. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಜಾನನು ಗುಂಡಿಗೆ ಬಲಿಯಾದನು. ಅಗಲಿದ ಮೇಲೆ ಆ ಇಬ್ಬರು ಮತ್ತೆ ಎದುರುಬದುರು ಕುಳಿತು ಹಾಡು ಕಟ್ಟಲೇ ಇಲ್ಲ.

ಈ ಮಾತನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಕಥೆಗೆ ಈಗ ಬರುತ್ತೇನೆ.

1978ರಲ್ಲಿ ನಾನು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದೆ. ಸೋಮವಾರ ಮತ್ತು ಅಮಾವಾಸ್ಯೆಯ ರಾತ್ರಿ ಭಜನೆ. ನಮ್ಮ ಭಜನಾ ಮೇಳದಲ್ಲಿ ಪೇಟಿ ನುಡಿಸುತ್ತಿದ್ದವನು ನೇಕಾರರ ಮನೆಯ ಹುಡುಗ, ನನ್ನ ಜೀವದ ಗೆಳೆಯ. ಆ ವರ್ಷದ ರಥೋತ್ಸವಕ್ಕೆ ಹೊಸ ಪದವೊಂದನ್ನು ಕಟ್ಟಿರೆಂದು ಪೂಜ್ಯರ ಅಪ್ಪಣೆಯಾಯಿತು. ನಾನು ಛಂದಸ್ಸು, ಅಲಂಕಾರಗಳ ಮದವೇರಿದ್ದ ಹುಡುಗ; ಹಾಳೆ ತುಂಬ ಬರೆದುಕೊಟ್ಟೆ. ಗೆಳೆಯನು ಪೇಟಿಯ ಮುಂದೆ ಕುಳಿತು ಮಟ್ಟು ಹಚ್ಚಿದನು. ಪಲ್ಲವಿಯಲ್ಲಿ 'ಸಮ್ಮಿಲಿತರಾಗಿ' ಎಂದು ನಾನಿಟ್ಟಿದ್ದ ಶಬ್ದಕ್ಕೆ ಬಂದು ನಿಂತನು.

"ಪಂಡಿತಾ, ತೇರಿನ ಹಗ್ಗಾ ಹಿಡದಾಂವಗ ಇಷ್ಟುದ್ದ ಶಬ್ದ ಅನ್ನಾಕ ಉಸಿರು ಎಲ್ಲಿಂದ ಬರಬೇಕೋ? 'ಕೂಡಿ' ಅನ್ನೂಣು. 'ಕೂ' ಅಂದಾಗ ಉಸಿರು ಹಿಡೀತಾರ, 'ಡಿ' ಅಂದಾಗ ಜಗ್ಗತಾರ."

ನನಗೆ ಸಿಟ್ಟು ಬಂದಿತು. ಆದರೆ ಹಾಡಿ ನೋಡಿದರೆ ಅವನ ಮಾತೇ ಸರಿ. ಹಾಗೆ ಎಂಟು ಕಡೆ ತಿದ್ದಿದೆವು. ಜಾತ್ರೆಯ ದಿನ ಸಾವಿರಾರು ಕಂಠಗಳು ಆ 'ಕೂಡಿ'ಯ ಮೇಲೆಯೇ ತೇರನ್ನು ಎಳೆದವು. ಮರುವರ್ಷ ಆ ಪದ ಒಂದು ಚಿಕ್ಕ ಪುಸ್ತಿಕೆಯಾಗಿ ಅಚ್ಚಾಯಿತು. ಪ್ರತಿಯನ್ನು ಬರೆದುಕೊಟ್ಟವನು ನಾನು. ನನ್ನ 'ಸಮ್ಮಿಲಿತರಾಗಿ' ಎಂಬುದನ್ನೇ ಮತ್ತೆ ಇಟ್ಟೆ. 'ರಚನೆ' ಎಂಬಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಸಾಹಿತ್ಯವೇ ಕೃತಿ, ಮಟ್ಟು ಅದಕ್ಕೆ ತೊಡಿಸಿದ ಅಂಗಿ ಎಂದು ಅಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ತಮ್ಮ ಹೆಸರಿನ ಬದಲು ಇಷ್ಟದೈವದ ಅಂಕಿತವಿಟ್ಟ ಶರಣರ ವಚನಗಳನ್ನು ನಿತ್ಯ ಪಾಠ ಮಾಡುತ್ತಿದ್ದವನ ನಡೆಯಿದು.

ಗೆಳೆಯನು ಪುಸ್ತಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಛಲೋ ಅಚ್ಚಾಗೈತಿ" ಎಂದು ನನ್ನ ಕೈಗೆ ಕೊಟ್ಟನು. ಮುಂದಿನ ಸೋಮವಾರ ಪೇಟಿಯ ಮುಂದೆ ಅವನು ಕೂರಲಿಲ್ಲ. ಆಮೇಲೆ ಊರಿಗೆ ಹೋಗಿ ಮಗ್ಗ ಹಿಡಿದನು. ಪುಸ್ತಿಕೆ ಮತ್ತೆರಡು ಸಲ ಅಚ್ಚಾಯಿತು. ತಿದ್ದಲು ನನಗೆ ಎರಡು ಅವಕಾಶಗಳಿದ್ದವು, ತಿದ್ದಲಿಲ್ಲ. ಆರು ವರ್ಷಗಳ ಹಿಂದೆ ಅವನು ಲಿಂಗೈಕ್ಯನಾದನೆಂಬ ಸುದ್ದಿ ಬಂದಾಗ ನಾನು ಪರಸ್ಥಳದಲ್ಲಿದ್ದೆ. ಇಂದಿಗೂ ಜಾತ್ರೆಯಲ್ಲಿ ಪುಸ್ತಿಕೆಯ ಶಬ್ದವನ್ನು ಯಾರೂ ಹಾಡುವುದಿಲ್ಲ. ಎಲ್ಲರೂ ಹಾಡುವುದು ಅವನ ಶಬ್ದವನ್ನೇ.

ಮುಂದಿನ ಭಾನುವಾರ ನಾಲ್ವರನ್ನೂ ಮನೆಗೆ ಕರೆಸಿದೆ. ಪ್ರಸಾದವಾದ ಮೇಲೆ, ಲಿವರ್‌ಪೂಲಿನ ಕಥೆಯನ್ನೂ ನನ್ನ ಕಥೆಯನ್ನೂ ಏನನ್ನೂ ಮುಚ್ಚಿಡದೆ ಹೇಳಿದೆ. ಮೊಮ್ಮಗನು ತಲೆ ತಗ್ಗಿಸಿದನು. ಹುಡುಗಿ, "ಎರಡನೇ ನುಡಿ ಅಷ್ಟು ಛಲೋ ಬರದಿರಲಿಲ್ಲಂದ್ರ ನನಗ ಆ ರಾಗ ಹೊಳೀತಿದ್ದಿಲ್ಲರಿ" ಎಂದಳು. ಇಬ್ಬರ ಹೆಸರೂ ಇರಲೆಂದು ನಾನು ತೀರ್ಪು ಕೊಡುವಷ್ಟರಲ್ಲಿ ತಬಲಾದ ಹುಡುಗನು ಮೆಲ್ಲಗೆ, "ಅಜ್ಜಾರ, ಜಾರ್ಜನ ಗತಿ ನಮಗೂ ಆತಲ್ರಿ?" ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಅವರಲ್ಲಿಯೇ ಇತ್ತು. ಅಮೆರಿಕದಲ್ಲಿ 1980ರಲ್ಲಿ ಆರಂಭವಾದ ಆರ್.ಇ.ಎಂ. ಎಂಬ ನಾಲ್ವರ ಬಳಗವು ತಮ್ಮ ಹಾಡುಗಳಿಗೆ ನಾಲ್ವರ ಹೆಸರನ್ನೂ ಅಕ್ಷರಗಳ ಕ್ರಮದಲ್ಲಿ ಸಮನಾಗಿ ಹಾಕುತ್ತಿತ್ತೆಂದು ಕೀಬೋರ್ಡಿನ ಹುಡುಗನು ಹೇಳಿದನು. ಹಾಗೆಯೇ ಆಗಲೆಂದರು. ಮನೆಯಲ್ಲಿ ಒಬ್ಬರೇ ಕೂತು ಬರೆದು ತರುವುದನ್ನು ಬಿಟ್ಟು, ಎದುರುಬದುರು ಕುಳಿತೇ ಕಟ್ಟಬೇಕೆಂದೂ ಮಾತಾಯಿತು. ಅಂದೇ ನಮ್ಮ ಪಡಸಾಲೆಯಲ್ಲಿ ತಾಲೀಮು. ನೆರೆಯವರು ಎರಡು ಸಲ ಬಂದು ಇಣುಕಿ ಹೋದರು.

ಅಂದು ಹೊರಡುವ ಮುನ್ನ ಹುಡುಗಿಯು ತನ್ನ ಮೊಬೈಲಿನಲ್ಲಿ ನನಗೊಂದು ಹಾಡು ಕೇಳಿಸಿದಳು. 1970ರ ದಶಕದ ಕೊನೆಯ ವರ್ಷಗಳಲ್ಲಿ ಜಾನನು ಮನೆಯಲ್ಲಿ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ, ಪೂರ್ತಿಯಾಗದ ಹಾಡು. ಅವನ ದನಿಯನ್ನು ಗಣಕಯಂತ್ರದಿಂದ ಬೇರ್ಪಡಿಸಿ, 2001ರಲ್ಲಿ ತೀರಿಕೊಂಡ ಜಾರ್ಜನು ಎಂದೋ ನುಡಿಸಿದ್ದ ಗಿಟಾರನ್ನೂ ಕೂಡಿಸಿ, ಎಂಬತ್ತು ದಾಟಿದ ಪಾಲನೂ ರಿಂಗೋನೂ ಅದನ್ನು ಪೂರ್ಣಗೊಳಿಸಿ 2023ರ ನವೆಂಬರಿನಲ್ಲಿ 'ನೌ ಅಂಡ್ ದೆನ್' ಎಂಬ ಹೆಸರಿನಿಂದ ಹೊರತಂದರು. ಗೆಳೆಯನು ಅರ್ಧಕ್ಕೆ ಬಿಟ್ಟುಹೋದ ಹಾಡನ್ನು ಗೆಳೆಯನು ನಲವತ್ತಕ್ಕೂ ಮಿಕ್ಕ ವರ್ಷಗಳ ಮೇಲೆ ಮುಗಿಸಿದನು. ಇಂಗ್ಲಿಷ್ ಹಾಡು ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಅಂದು ರಾತ್ರಿಯೇ ಒಂದು ನಿರ್ಧಾರ ಮಾಡಿದೆ.

ದೀಪಾವಳಿಯಾದ ಮೇಲೆ ಗೆಳೆಯನ ಊರಿಗೆ ಹೋದೆ. ಅವನ ಪತ್ನಿ ನೀರು, ಬೆಲ್ಲ ಕೊಟ್ಟು ಕೂರಿಸಿದರು. ಬಂದ ಕಾರಣವನ್ನು ಹೇಳಿ ಕೈಮುಗಿದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಪೇಟಿ ಮುಂದ ಕುಂತಾಗ ಮೊದಲ ಅದನ್ನ ನುಡಸ್ತಿದ್ರರಿ. ಯಾರ ಹಾಡು ಅಂತ ಹುಡುಗರು ಕೇಳಿದ್ರ, ನಾನೂ ನನ್ನ ಗೆಳ್ಯಾನೂ ಕೂಡಿ ಕಟ್ಟಿದ್ದು ಅಂತಿದ್ರು" ಎಂದರು. ನಲವತ್ತು ವರ್ಷ ನಾನು ಅವನ ಹೆಸರನ್ನು ಮರೆಸಿದ್ದೆ. ಅವನು ತನ್ನ ಮನೆಯಲ್ಲಿ ನನ್ನ ಪಾಲನ್ನು ಬಿಟ್ಟುಕೊಡದೆ ಕಾಯ್ದಿದ್ದನು.

ಪತ್ರಿಕೆಯಲ್ಲಿ ಹೆಸರು ಬೇಡ, ಪುಸ್ತಿಕೆಯಲ್ಲಿ ಇರಲಿ ಎಂದು ಅವನ ಮಗ ಹೇಳಿದ್ದರಿಂದ ಇಲ್ಲಿ ಬರೆದಿಲ್ಲ. ಬರುವ ಜಾತ್ರೆಗೆ ಪುಸ್ತಿಕೆಯ ಹೊಸ ಮುದ್ರಣ ಬರಲಿದೆ. ಪಲ್ಲವಿಯಲ್ಲಿ 'ಕೂಡಿ' ಎಂದೇ ಇರುತ್ತದೆ. ಹೆಸರುಗಳು ಎರಡು, ಅವನದು ಮೊದಲು. ಕರಡಚ್ಚನ್ನು ನಾನೇ ತಿದ್ದಿದ್ದೇನೆ. ಈ ಸಲ ತಪ್ಪುವುದಿಲ್ಲ.